ಬೇಡ ಅನ್ನದ ನಾಯಿ

ಫೋನ್ 30 ಡಿಗ್ರಿ ಅಂತ ತೋರಿಸ್ತಾ ಇತ್ತು. ಆವತ್ತಿನ ಕಥೆ ಯಾರಿಗೆ ಹೇಳಿದ್ರೂ ನಾನು ಇಲ್ಲಿಂದಲೇ ಶುರು ಮಾಡುದು, ಯಾಕಂದ್ರೆ ನನ್ನ ಹತ್ರ ಇರುವ ಸಮಜಾಯಿಷಿ ಅದೊಂದೇ. 2022ರ ಮೇ ತಿಂಗಳು, ಸಂಜೆ ಆರೂಕಾಲು. ಮಧ್ಯಾಹ್ನ ಗುಡುಗಿ ಹತ್ತು ನಿಮಿಷ ಮಳೆ ಹೊಯ್ದು ನಿಂತಿತ್ತು, ಬಿಸಿಲಿಲ್ಲ, ಮೋಡ ಉಂಟು, ಬೆಂಗಳೂರಲ್ಲಾದ್ರೆ ಅದು ನಾಯಿ ಕರ್ಕೊಂಡು ಹೋಗ್ಲಿಕ್ಕೆ ಅಂತಲೇ ಮಾಡಿಸಿದ ಸಂಜೆ. ಮಳೆ ಬಂತಲ್ಲ, ತಂಪಾಯ್ತು ಅಂತ ಅಂದ್ಕೊಂಡು ಕುಕ್ಕುವಿನ ಬೆಲ್ಟ್ ಹಾಕಿ ಮಂಗಳೂರಿನ ಕದ್ರಿ ಕಡೆಯ ಏರುರಸ್ತೆ ಹಿಡಿದೆ. ಕಾಂಕ್ರೀಟಿಂದ ಹಬೆ ಏಳ್ತಾ ಇದ್ದದ್ದು ಕಣ್ಣಿಗೆ ಕಾಣ್ತಿತ್ತು, ಅದು ಚಂದ ಕಾಣ್ತಾ ಉಂಟು ಅಂತ ಒಂದು ಫೋಟೋ ಕೂಡ ತೆಗ್ದಿದ್ದೇನೆ, ಈಗಲೂ ಫೋನಲ್ಲಿ ಉಂಟು.

ಏರಿನ ಬುಡದಲ್ಲಿ, ಚರಂಡಿ ಹತ್ರ, ಅವನು ಒಂದು ಸಲ ನಿಂತ. ನಾನು "ಬಾ ಮಾರಾಯ" ಅಂತ ಸ್ವಲ್ಪ ಎಳ್ದೆ. ಬಂದ. ಅರ್ಧ ಏರಿದ ಮೇಲೆ ನಾಲಿಗೆ ಎಂದಿನ ಹಾಗೆ ಇರ್ಲಿಲ್ಲ, ತುದಿಯಲ್ಲಿ ಅಗಲ ಆಗಿ ಸೌಟಿನ ಹಾಗೆ ಮಡಚಿತ್ತು, ಬಣ್ಣ ಕುಂಕುಮಕ್ಕಿಂತ ಗಾಢ. ನಾಟಕ ಮಾಡ್ತಾನೆ ಅಂತ ನಾನು. ಇನ್ನೂ ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದಿನ ಕಾಲು ಎರಡೂ ಕುಡಿದವರ ಕಾಲಿನ ಹಾಗೆ ಅಡ್ಡಾದಿಡ್ಡಿ ಹೋಯ್ತು, ಒಂದು ಮನೆಯ ಗೇಟಿನ ಎದುರು ಕೂತ, ಆಮೇಲೆ ಮಲಗಿದ. ಕಣ್ಣು ಬಿಟ್ಕೊಂಡೇ ಇದ್ದ, ಆದ್ರೆ ನನ್ನನ್ನು ನೋಡ್ತಾ ಇರ್ಲಿಲ್ಲ.

ಆ ಮನೆಯ ಬಾಯಮ್ಮ ಹೂವಿನ ಗಿಡಕ್ಕೆ ಪೈಪಲ್ಲಿ ನೀರು ಬಿಡ್ತಾ ಇದ್ರು. ಮಳೆ ಬಂದ ದಿನವೂ ಗಿಡಕ್ಕೆ ನೀರು ಬಿಡುವವರು ಅಂತ ನಾನು ಮೊದ್ಲೆಲ್ಲ ಮನಸ್ಸಲ್ಲೇ ನಗ್ತಾ ಇದ್ದೆ. ಅವರು ಗೇಟು ತೆಗ್ದು ಪೈಪನ್ನು ನೇರ ನಾಯಿಯ ಹೊಟ್ಟೆಗೆ, ತೊಡೆಸಂದಿಗೆ, ಕುತ್ತಿಗೆಗೆ ಹಿಡಿದ್ರು. "ಎಂತ ಪುತಾ ನೋಡ್ತಾ ನಿಂತಿದ್ದೀ, ಒಳಗೆ ಹೋಗಿ ಫ್ಯಾನ್ ತಾ" ಅಂದ್ರು. ಸಿಟೌಟಿನ ಪ್ಲಗ್ಗಿಗೆ ಟೇಬಲ್ ಫ್ಯಾನ್ ಹಾಕಿ, ಅಂಗಳದಲ್ಲಿ ಒದ್ದೆ ನಾಯಿ, ಒದ್ದೆ ಬಾಯಮ್ಮ, ಒದ್ದೆ ನಾನು, ಹತ್ತು ನಿಮಿಷ. ನಾನು ಟವೆಲ್ ಒದ್ದೆ ಮಾಡಿ ಅವನ ಮೇಲೆ ಹೊದೆಸ್ಲಿಕ್ಕೆ ಹೋದಾಗ ಬೈದ್ರು, "ಕಂಬಳಿ ಹೊದೆಸ್ತೀಯಾ ಅವನಿಗೆ?" ಅಂತ. ಅದು ಸರಿ ಅಂತ ಆಮೇಲೆ ಡಾಕ್ಟ್ರೇ ಹೇಳಿದ್ರು: ಮೈಮೇಲೆ ಹಾಸಿ ಬಿಟ್ಟ ಒದ್ದೆ ಬಟ್ಟೆ ಸ್ವಲ್ಪ ಹೊತ್ತಲ್ಲಿ ಬಿಸಿಯಾಗಿ ಒಳಗಿನ ಶಾಖವನ್ನು ಒಳಗೇ ಹಿಡಿದಿಡ್ತದೆ. ನೀರು ಹರೀತಾ ಇರ್ಬೇಕು, ಗಾಳಿ ಬೀಸ್ತಾ ಇರ್ಬೇಕು.

ರಿಕ್ಷಾದಲ್ಲಿ ಕರ್ಕೊಂಡು ಹೋದಾಗ ಅಷ್ಟೆಲ್ಲ ನೀರು ಹಾಕಿದ ಮೇಲೂ ಥರ್ಮಾಮೀಟರ್ 105ರ ಮೇಲೆ. ನಾಯಿಗೆ 101ರಿಂದ 102.5 ಫ್ಯಾರನ್‌ಹೀಟ್ ನಾರ್ಮಲ್, ನಮ್ಮ ಜ್ವರ ಅವುಗಳ ಆರೋಗ್ಯ. 104 ದಾಟಿದ್ರೆ ಹೆದರ್ಬೇಕು, 106ರ ಹತ್ರ ಹೋದ್ರೆ ಕಿಡ್ನಿ, ಕರುಳು, ಮಿದುಳು ಒಂದೊಂದಾಗಿ ಕೈಕೊಡ್ಲಿಕ್ಕೆ ಶುರು. "ಮೊದ್ಲು ತಂಪು ಮಾಡಿ ಆಮೇಲೆ ತಂದ್ರಲ್ಲ, ಒಳ್ಳೇದಾಯ್ತು, ತುಂಬಾ ಜನ ಗಾಬರಿಯಲ್ಲಿ ಹಾಗೇ ಕಾರಲ್ಲಿ ಹಾಕ್ಕೊಂಡು ಬರ್ತಾರೆ" ಅಂತ ಡಾಕ್ಟ್ರು ಡ್ರಿಪ್ ಹಾಕ್ತಾ ಹೇಳಿದ್ರು. ಆಮೇಲೆ, ಏನೋ ರೆಕಾರ್ಡಿಗೆ ಬೇಕು ಅನ್ನುವ ಹಾಗೆ, "ನಡುವೆ ಎಲ್ಲಾದ್ರೂ ನಿಂತನಾ?" ಅಂತ ಕೇಳಿದ್ರು.

ಇಲ್ಲ ಅಂದೆ.

ಹಗ್ಗದ ಮೇಲಿನ ಬಟ್ಟೆ

ಇವನ ಹೆಸರು ಬೆಂಗಳೂರಲ್ಲಿ ಕುಕಿ. 2021ರಲ್ಲಿ ವರ್ಕ್ ಫ್ರಮ್ ಹೋಮ್ ಅಂತ ಊರಿಗೆ ಬಂದಾಗ ಅಮ್ಮನ ಬಾಯಲ್ಲಿ ಕುಕ್ಕು ಆಯ್ತು. ತುಳುವಲ್ಲಿ ಕುಕ್ಕು ಅಂದ್ರೆ ಮಾವಿನಹಣ್ಣು, ಬಣ್ಣವೂ ಹಾಗೇ ಇರುದ್ರಿಂದ ಯಾರಿಗೂ ತಕರಾರಿಲ್ಲ. ಲ್ಯಾಬ್ರಡಾರ್. ಇವನ ಪೂರ್ವಿಕರ ಊರು ಕೆನಡಾದ ನ್ಯೂಫೌಂಡ್‌ಲ್ಯಾಂಡ್, ಮೀನುಗಾರರ ಜೊತೆ ಮಂಜುಗಡ್ಡೆಯಂಥ ನೀರಿಗೆ ಹಾರ್ತಾ ಇದ್ದ ನಾಯಿಗಳು, ಮೈಮೇಲೆ ಎರಡು ಪದರ ಕೂದಲು. ಅಂಥದ್ದನ್ನು ತಂದು ಮಂಗಳೂರಲ್ಲಿ ಸಾಕ್ತಾ ಇದ್ದೇವೆ, ಬಂದರಿನಲ್ಲಿ ಮೀನಿನ ವಾಸನೆ ಬಿಟ್ರೆ ಅದಕ್ಕೂ ಇದಕ್ಕೂ ಎಂತ ಸಂಬಂಧವೂ ಇಲ್ಲ. ಮೊದಲ ಬೇಸಿಗೆ ಲಾಕ್‌ಡೌನಲ್ಲಿ ಕಂಪೌಂಡ್ ಒಳಗೇ ಕಳ್ದುಹೋಯ್ತು, ಹಾಗಾಗಿ ಈ ಊರಿನ ಸೆಕೆಯಲ್ಲಿ ಅವನು ನಿಜವಾಗಿ ನಡೆದದ್ದು ಎರಡನೇ ವರ್ಷವೇ.

ಆ ಘಟನೆ ಆದ ಮೇಲೆ ನಾನು ತುಂಬಾ ಓದಿದೆ, ಆದ್ರೆ ಅರ್ಥ ಆದದ್ದು ಅಮ್ಮನ ಬಟ್ಟೆ ಹಗ್ಗ ನೋಡಿ. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುದಿಲ್ಲ, ಬೆವರಿದ್ರೆ ಅಂಗಾಲಿನ ಮೆತ್ತೆಯಲ್ಲಿ ಸ್ವಲ್ಪ, ಅದು ಲೆಕ್ಕಕ್ಕೇ ಇಲ್ಲ. ಅದು ತಂಪಾಗುದು ಏದುಸಿರಿಂದ, ಅಂದ್ರೆ ನಾಲಿಗೆ, ಬಾಯಿ, ಮೂಗಿನ ಒಳಗಿನ ತೇವ ಆವಿಯಾಗಿ ಹೋಗುದರಿಂದ. ಗಾಳಿಯಲ್ಲಿ ಈಗಾಗಲೇ ನೀರು ತುಂಬಿಕೊಂಡಿದ್ರೆ ಆ ಆವಿ ಹೋಗುದು ಎಲ್ಲಿಗೆ? ಜುಲೈಯಲ್ಲಿ ಒಗೆದ ಬಟ್ಟೆ ಮೂರು ದಿನ ಆದ್ರೂ ಒಣಗುದಿಲ್ಲ ಅಲ್ವಾ, ನಾಯಿಯ ನಾಲಿಗೆಯೂ ಅದೇ ಹಗ್ಗದಲ್ಲಿ ನೇತು ಹಾಕಿದ ಬಟ್ಟೆ. ಇನ್ನೂ ಕೆಟ್ಟದ್ದು ಎಂತದಂದ್ರೆ ಏದುಸಿರು ಬಿಡುದೂ ಒಂದು ಕೆಲಸ, ಸ್ನಾಯು ದುಡಿದಷ್ಟೂ ಮೈ ಇನ್ನೂ ಬಿಸಿ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಅಲ್ಲಿ ಏಪ್ರಿಲ್‌ನ 34 ಡಿಗ್ರಿಯಲ್ಲೂ ಗಾಳಿ ಒಣ, ಸಂಜೆ ಆಗ್ತಲೇ ಇಳೀತದೆ. ಇಲ್ಲಿ 30 ಅಂದ್ರೂ ಅದು ಬೇರೆ 30. ಬೇಸಿಗೆಯ ಒಂದು ಸಣ್ಣ ಮಳೆ, ನಾನು ತಂಪು ಅಂತ ನಂಬಿದ ಮಳೆ, ಬಿಸಿ ಕಾಂಕ್ರೀಟಿನ ಮೇಲೆ ಬಿದ್ದು ಇಡೀ ರಸ್ತೆಯನ್ನು ಇಡ್ಲಿ ಅಟ್ಟ ಮಾಡಿತ್ತು. ನಾನು ನಾಯಿಯನ್ನು ಇಡ್ಲಿ ಅಟ್ಟದೊಳಗೆ ನಡೆಸಿದ್ದು, ಅದೂ ಏರಲ್ಲಿ.

ಹಾಗಾಗಿ ಈಗ ಫೋನ್ ನೋಡುದಿಲ್ಲ, ಹಗ್ಗ ನೋಡುದು. ಬೆಳಿಗ್ಗೆ ಹಾಕಿದ ಬಟ್ಟೆ ಸಂಜೆಗೆ ಒಣಗಿದ್ರೆ ಅರ್ಧ ಗಂಟೆ ವಾಕಿಂಗ್. ಮಡಚುವಾಗ ತಣ್ಣಗೆ ಹತ್ತಿದ್ರೆ ಗೇಟಿಂದ ಆಚೆ ಮೂರು ಕಂಬದವರೆಗೆ, ಉಚ್ಚೆ ಹೊಯ್ದು ವಾಪಸ್. ಮಾರ್ಚಿಂದ ಮೇವರೆಗೆ ನಾವು ಹೊರಡುದು ಬೆಳಿಗ್ಗೆ ಐದೂವರೆಗೆ, ಮತ್ತೆ ರಾತ್ರಿ ಒಂಬತ್ತರ ಮೇಲೆ. ಬೆಳಿಗ್ಗೆ ತೇವ ಇರುದಿಲ್ಲ ಅಂತ ಅಲ್ಲ, ತೇವ ಆಗಲೇ ಹೆಚ್ಚು, ಆದ್ರೆ ನೆಲ ರಾತ್ರಿಯಿಡೀ ಬಿಸಿ ಬಿಟ್ಟು ಬಿಟ್ಟು ಆರಿರ್ತದೆ. ಸಂಜೆ ಆರಕ್ಕೆ ಕಡಲ ಗಾಳಿ ಮುಖಕ್ಕೆ ಬೀಸಿ ಹಾಯ್ ಅನ್ನಿಸ್ತದೆ, ಅದು ನಮ್ಮ ಮುಖ ಇರುವ ಎತ್ತರದ ಕಥೆ, ನಾಯಿಯ ಹೊಟ್ಟೆ ಇರುದು ಕಾಂಕ್ರೀಟಿಂದ ಒಂದೂವರೆ ಗೇಣು ಮೇಲೆ. ನಮ್ಮೂರಲ್ಲಿ ಡಾಂಬರಿಗಿಂತ ಕಾಂಕ್ರೀಟ್ ರಸ್ತೆ ಜಾಸ್ತಿ, ಬದಿಗೆಲ್ಲ ಇಂಟರ್‌ಲಾಕ್. ಅಂಗೈಯ ಹಿಂಭಾಗ ನೆಲಕ್ಕಿಟ್ಟು ಏಳರವರೆಗೆ ಎಣಿಸ್ಲಿಕ್ಕೆ ಆಗದಿದ್ರೆ ಅದರ ಕಾಲಿಗೂ ಆಗುದಿಲ್ಲ. ರಸ್ತೆ ಮಧ್ಯೆ ಕುಕ್ಕರಗಾಲಲ್ಲಿ ಕೂತು ನೆಲ ಮುಟ್ಟಿ ಎಣಿಸುವ ನನ್ನನ್ನು ನೋಡಿ ಒಬ್ರು ಸ್ಕೂಟರ್ ನಿಲ್ಲಿಸಿ "ಎಂತ ಬಿದ್ದು ಹೋಯ್ತು?" ಅಂತ ಹುಡುಕ್ಲಿಕ್ಕೆ ಸೇರಿದ್ದೂ ಉಂಟು.

ಬೊಗ್ಗು ಮತ್ತು ಬೂದಿ ಗುಂಡಿ

ಇಷ್ಟೆಲ್ಲ ನಾನು ಮಾಡುದನ್ನು ನೋಡಿ ಅಮ್ಮನಿಗೆ ಬರುವ ಪ್ರಶ್ನೆ ಒಂದೇ: "ಬೊಗ್ಗುವನ್ನು ಯಾರು ವಾಕಿಂಗ್ ಕರ್ಕೊಂಡು ಹೋದದ್ದು?"

ಬೊಗ್ಗು ನಮ್ಮ ಅಜ್ಜನ ಮನೆಯ ನಾಯಿ, ಪುತ್ತೂರು ಕಡೆ, ತೋಟದ ಮನೆ. ಅದಕ್ಕೆ ಬೆಲ್ಟ್ ಇರ್ಲಿಲ್ಲ, ಹಗಲು ಸಂಕೋಲೆಯೂ ಇಲ್ಲ. ನನಗೆ ಚೆನ್ನಾಗಿ ನೆನಪಿರುದು ಏಪ್ರಿಲ್ ರಜೆಯ ಮಧ್ಯಾಹ್ನಗಳು: ಊಟ ಆಗಿ ನಾವೆಲ್ಲ ಚಾವಡಿಯಲ್ಲಿ ಬಿದ್ಕೊಂಡಿದ್ರೆ ಬೊಗ್ಗು ಬಚ್ಚಲ ನೀರು ಹೋಗುವ ಬಾಳೆ ಬುಡದಲ್ಲಿ ಕೆಸರು ಕೆರೆದು ಕೆರೆದು ತನ್ನ ಅಳತೆಗೆ ಸರಿಯಾಗಿ ಒಂದು ಗುಂಡಿ ಮಾಡಿ, ಅದರಲ್ಲಿ ಹೊಟ್ಟೆ ಊರಿ ಮಲಗ್ತಿತ್ತು. ಮಳೆಗಾಲದಲ್ಲಿ ಅದೇ ನಾಯಿ ಬಚ್ಚಲೊಲೆಯ ಎದುರಿನ ಬೂದಿಗೆ ಶಿಫ್ಟ್. ಮೈಯೆಲ್ಲ ಬೂದಿ ಬಳ್ಕೊಂಡು ಬರುದು, ಅಜ್ಜಿ ಬೈಯುದು. ಈಗ ಅನ್ನಿಸ್ತದೆ, ಮೈ ಒಣಗ್ಲಿಕ್ಕೆ ಅದಕ್ಕೆ ಬೇರೆ ಯಾವ ಜಾಗ ಇತ್ತು. ಗುಡ್ಡೆಗೆ ಹೋಗುದು ಬೆಳಗಿನ ಜಾವ, ಬರುದು ಬಿಸಿಲೇರುವ ಮೊದಲು. ಯಾರೂ ಹೇಳಿಕೊಟ್ಟದ್ದಲ್ಲ. (ಬೊಗ್ಗು ಹತ್ತು ವರ್ಷವೂ ಬದುಕ್ಲಿಲ್ಲ, ಹಾವು ಕಚ್ಚಿ ಸತ್ತದ್ದು, ಹಾಗಾಗಿ ಹಳೇ ಕಾಲದ ನಾಯಿಗಳೇ ಚೆನ್ನಾಗಿದ್ವು ಅಂತೆಲ್ಲ ನಾನು ಹೇಳ್ಲಿಕ್ಕೆ ಹೋಗುದಿಲ್ಲ.)

ಆದ್ರೆ ಬೊಗ್ಗು ತಾನೇ ನಿರ್ಧರಿಸ್ತಾ ಇದ್ದ ವಿಷಯಗಳು, ಯಾವಾಗ ಹೊರಡುದು, ಎಲ್ಲಿ ನಿಲ್ಲುದು, ಯಾವ ನೆರಳಲ್ಲಿ ಎಷ್ಟು ಹೊತ್ತು, ಅಷ್ಟೂ ಕುಕ್ಕುವಿನ ವಿಷಯದಲ್ಲಿ ನನ್ನ ಕೈಯ ಆರಡಿ ಬೆಲ್ಟಿಗೆ ಬಂದುಬಿಟ್ಟಿದೆ. ಅವನೋ, ಲ್ಯಾಬ್, ನಾನು ಚಪ್ಪಲಿ ಹಾಕಿದ್ರೆ ಸಾಕು ಬಾಲದಲ್ಲಿ ಟೀಪಾಯಿ ಮೇಲಿನ ಲೋಟ ಬೀಳಿಸ್ತಾನೆ. ಮಧ್ಯಾಹ್ನ ಎರಡು ಗಂಟೆಗೆ ಕರೆದ್ರೂ ರೆಡಿ. ಎಲ್ಲದಕ್ಕೂ ಹೂಂ ಅನ್ನುವವನ ಜೊತೆ ಬದುಕುದು ಕಷ್ಟ ಮಾರಾಯ್ರೆ. ಹೂಂ ಅಂದದ್ದು ಅವನು, ಆದ್ರೆ ಲೆಕ್ಕ ನನ್ನ ತಲೆ ಮೇಲೆ. "ಅವನೇ ಬಂದನಲ್ಲ" ಅಂತ ಆ ಮೇ ತಿಂಗಳಲ್ಲಿ ಎಷ್ಟು ಸಲ ಹೇಳ್ಕೊಂಡಿದ್ದೇನೋ.

ಮಳೆ ಹಿಡಿದ ಮೇಲೆ

ಜೂನ್ ಬಂತಂದ್ರೆ ಸೆಕೆಯ ಹೆದರಿಕೆ ಇಳಿದು ಬೇರೆ ಹೆದರಿಕೆಗಳು ಸಾಲಾಗಿ ನಿಲ್ತವೆ. ಬೆಂಗಳೂರಿಗೆ ವರ್ಷಕ್ಕೆ ಸಾವಿರ ಮಿಲಿಮೀಟರ್ ಆಸುಪಾಸು ಮಳೆ, ಇಲ್ಲಿ ಮೂರೂವರೆ ಸಾವಿರಕ್ಕೂ ಹೆಚ್ಚು, ಅದರಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ಈ ನಾಲ್ಕು ತಿಂಗಳಲ್ಲೇ. ಮೊದಲ ವರ್ಷ ಉತ್ಸಾಹದಲ್ಲಿ ಆನ್‌ಲೈನಲ್ಲಿ ಹಳದಿ ರೈನ್‌ಕೋಟ್ ತರಿಸಿದ್ದೆ. ಫೋಟೋಗೆ ಲೈಕ್ ಬಂತು. ಹತ್ತು ನಿಮಿಷ ನಡೆದು ಬಂದು ಬಿಚ್ಚಿದ್ರೆ ಒಳಗೆ ಅವನು ಬೆಂದ ಹಾಗೆ ಆಗಿದ್ದ, ಪ್ಲಾಸ್ಟಿಕ್ ಒಳಗೆ ಗಾಳಿ ಆಡುದಿಲ್ಲ, ಹೊರಗಿನ ನೀರು ಬಾರದಿದ್ರೂ ಒಳಗಿನದ್ದು ಹೋಗುದಿಲ್ಲ. ಅದನ್ನೀಗ ಅಮ್ಮ ಗ್ರೈಂಡರಿಗೆ ಹೊದೆಸಿದ್ದಾರೆ. ಅವನು ನೆನೀಲಿ, ನೆನೆದದ್ದಲ್ಲ ಸಮಸ್ಯೆ, ಒಣಗದ್ದು ಸಮಸ್ಯೆ. ಬೆರಳ ಸಂದಿ, ಕಿವಿಯ ಒಳಗೆ, ಬಾಲದ ಬುಡ, ತೊಡೆಸಂದಿ ಈ ನಾಲ್ಕು ಜಾಗ ಹಳೇ ಪಂಚೆಯಲ್ಲಿ ಒತ್ತಿ ಒತ್ತಿ ಒರೆಸಿ ಫ್ಯಾನ್ ಕೆಳಗೆ ಮಲಗಿಸದಿದ್ರೆ ವಾರದೊಳಗೆ ಫಂಗಸ್. ಲ್ಯಾಬಿನ ಕಿವಿ ಅಂದ್ರೆ ಮುಚ್ಚಳ ಹಾಕಿದ ಡಬ್ಬಿ, ಹುಳಿ ಬಂದ ದೋಸೆ ಹಿಟ್ಟಿನ ವಾಸನೆ ಶುರುವಾದ್ರೆ ಡಾಕ್ಟ್ರ ಹತ್ರ ಹೋಗುದೇ. ವಾಕಿಂಗ್ ಹದಿನೈದು ನಿಮಿಷ, ಒರೆಸುದು ಇಪ್ಪತ್ತು.

ಆಮೇಲೆ ನಿಂತ ನೀರು. ಇಲಿಜ್ವರ ಅಂದ್ರೆ ನಮ್ಮ ಕರಾವಳಿಯಲ್ಲಿ ಯಾರಿಗೂ ಹೊಸದಾಗಿ ಹೇಳ್ಬೇಕಾಗಿಲ್ಲ, ಗದ್ದೆ ಕೆಲಸದವರಿಗೆ ಬರುದನ್ನು ನೋಡಿಯೇ ಬೆಳೆದವರು. ಅದೇ ಲೆಪ್ಟೋಸ್ಪೈರಾ ನಾಯಿಗೂ ಬರ್ತದೆ, ಇಲಿಯ ಉಚ್ಚೆ ಬೆರೆತ ನೀರು ಕುಡಿದ್ರೆ, ಅಥವಾ ಕಾಲಲ್ಲಿ ಒಂದು ಸಣ್ಣ ಗೀರಿದ್ದು ಆ ನೀರಲ್ಲಿ ನಡೆದ್ರೆ, ಕಿಡ್ನಿ ಲಿವರ್‌ಗೆ ಹೊಡೀತದೆ, ಅಲ್ಲಿಂದ ಅವನ ಉಚ್ಚೆ ತೊಳೆಯುವ ನಮಗೂ ಬರಬಹುದು. ಲಸಿಕೆ ಉಂಟು, ಆದ್ರೆ ಎಲ್ಲಾ ಬಗೆಯನ್ನೂ ತಡೆಯುದಿಲ್ಲ, ವರ್ಷ ವರ್ಷ ಹಾಕಿಸ್ಬೇಕು. ನಾನು ಮೇ ಕೊನೆಗೆ, ಮಳೆ ಮೊದಲು ಹಾಕಿಸುದು. ಹೊರಡುವ ಮೊದಲು ಮನೆಯಲ್ಲೇ ಹೊಟ್ಟೆ ತುಂಬಾ ನೀರು ಕುಡಿಸ್ತೇನೆ, ಬಾಯಾರದಿದ್ರೆ ಹೊಂಡಕ್ಕೆ ಮೂತಿ ಹಾಕುದು ಕಮ್ಮಿ. ಪೂರ್ತಿ ನಿಲ್ಲುದಿಲ್ಲ, ಲ್ಯಾಬ್ ಅಲ್ವಾ.

ನೆಲಗಪ್ಪೆ ಒಂದು ಉಂಟು. ಮೊದಲ ಮಳೆಯ ರಾತ್ರಿ ಬೀದಿ ದೀಪದ ಕೆಳಗೆ ಹುಳ ತಿನ್ಲಿಕ್ಕೆ ಬಂದು ಕೂತಿರ್ತವೆ, ದಪ್ಪ ದಪ್ಪ, ಓಡುದೂ ಇಲ್ಲ. ಅದರ ಕಣ್ಣಿನ ಹಿಂದಿನ ಗಂಟಿನಲ್ಲಿ ವಿಷ. ಕುಕ್ಕು ಒಂದು ಸಲ ಬಾಯಿ ಹಾಕಿ ಬಿಟ್ಟ, ಅಷ್ಟಕ್ಕೇ ಶೇವಿಂಗ್ ಕ್ರೀಮ್ ಹಾಕಿದ ಹಾಗೆ ನೊರೆ. ತಲೆ ಕೆಳಗೆ ಬಗ್ಗಿಸಿ, ನೀರು ಗಂಟಲಿಗೆ ಹೋಗದ ಹಾಗೆ ಬದಿಯಿಂದ ಹೊರಕ್ಕೆ ತೊಳೀಬೇಕು, ವಸಡನ್ನು ಬಟ್ಟೆಯಲ್ಲಿ ಉಜ್ಜಬೇಕು, ಮತ್ತೆ ಡಾಕ್ಟ್ರಿಗೆ ಫೋನ್. ಹಾವಿಗೆ ಮಾತ್ರ ಮನೆಮದ್ದು ಇಲ್ಲ, ಕೊಳಕುಮಂಡಲವೋ ನಾಗರವೋ ಕಚ್ಚಿದ್ರೆ ಮನುಷ್ಯರಿಗೆ ಕೊಡುವ ಅದೇ ಇಂಜೆಕ್ಷನ್ ನಾಯಿಗೂ. ಟಾರ್ಚ್ ಇಲ್ಲದೆ ರಾತ್ರಿ ಹೊರಡುದಿಲ್ಲ, ಹುಲ್ಲಿನ ಬದಿ ಹೋಗುದಿಲ್ಲ, ಕೆಂಪುಕಲ್ಲಿನ ಕಟ್ಟ ಇರುವ ಓಣಿಗಳನ್ನು ಜೂನಿಂದ ಅಕ್ಟೋಬರ್‌ವರೆಗೆ ನಮ್ಮ ಮ್ಯಾಪಿಂದ ತೆಗ್ದುಬಿಟ್ಟಿದ್ದೇನೆ. ಆ ಕಲ್ಲಿನ ಪೊಟರೆಗಳಲ್ಲಿ ಯಾರ್ಯಾರು ಬಾಡಿಗೆಗೆ ಇರ್ತಾರೋ ಯಾರಿಗೆ ಗೊತ್ತು.

ಆಟಿಯ ಒಂದು ಸಂಜೆ

ಇದು ಕಳೆದ ವರ್ಷ, ಆಟಿ ತಿಂಗಳು, ಅಂದ್ರೆ ತುಳುವರ ಜೋರು ಮಳೆಯ ತಿಂಗಳು, ಅಮಾವಾಸ್ಯೆ ಕಳೆದು ನಾಲ್ಕೈದು ದಿನ. ಆ ಅಮಾವಾಸ್ಯೆಗೆ ಕುಡಿಯುವ ಹಾಲೆ ಮರದ ಕಷಾಯದ ಕಹಿ ಇನ್ನೂ ಬಾಯಲ್ಲಿದ್ದ ಹಾಗೆ ಒಂದು ನೆನಪು. ಹಗಲಿಡೀ ಹೊಯ್ದ ಮಳೆ ಸಂಜೆ ಏಳಕ್ಕೆ ಸ್ವಲ್ಪ ಬಿಡುವು ಕೊಟ್ಟಿತ್ತು, ಕರೆಂಟಿಲ್ಲ. ಎರಡು ದಿನದಿಂದ ಅವನು ಒಳಗೇ ಇದ್ದ, ಹೊಟ್ಟೆ ಕಟ್ಟಿತ್ತು. ಟಾರ್ಚ್ ಹಿಡ್ಕೊಂಡು ಹೊರಟ್ವಿ. ನಮ್ಮ ಓಣಿಯ ತಿರುವಿನಲ್ಲಿ, ಟ್ರಾನ್ಸ್‌ಫಾರ್ಮರ್ ಕಂಬದ ಈಚೆ, ಮಳೆ ಬಂದ್ರೆ ಪಾದ ಮುಳುಗುವಷ್ಟು ನೀರು ನಿಲ್ತದೆ, ಅದು ಯಾವಾಗಲೂ ಇದ್ದದ್ದೇ, ಕುಕ್ಕುವಿಗೆ ಅಲ್ಲಿ ಚಪಚಪ ಮಾಡುದಂದ್ರೆ ಪ್ರಾಣ.

ನೀರಿಗೆ ಎಂಟು ಹತ್ತು ಅಡಿ ಇರುವಾಗ ನಿಂತ. ಎಳೆದೆ. ಬೆಲ್ಟ್ ಕಿವಿ ಹತ್ರ ಬಂದು ಕೆನ್ನೆಯೆಲ್ಲ ಮುಂದೆ ನೆರಿಗೆಯಾದ್ರೂ ನಾಲ್ಕು ಕಾಲೂ ಊರಿ ನಿಂತಿದ್ದಾನೆ. ಬೊಗಳ್ಲಿಲ್ಲ, ಗುರ್ ಅನ್ಲಿಲ್ಲ, ಬಾಲ ಕೆಳಗೆ. ಇವನು ಇಷ್ಟು ವರ್ಷದಲ್ಲಿ ನೀರಿಗೆ ಬೇಡ ಅಂದದ್ದೇ ಇಲ್ಲ. ನನಗೋ, ದಾಟಿ ಆಚೆ ಗೇಟಿನ ಹುಲ್ಲಲ್ಲಿ ಅವನ ಕೆಲಸ ಮುಗಿಸಿ ಬಂದ್ರೆ ಆಯ್ತು, ಮತ್ತೆ ಮಳೆ ಬರುದ್ರೊಳಗೆ, ಒಂಬತ್ತಕ್ಕೆ ಕಾಲ್ ಬೇರೆ ಇತ್ತು. ಕೈ ತನ್ನಷ್ಟಕ್ಕೆ ಬೆಲ್ಟನ್ನು ಇನ್ನೊಂದು ಸುತ್ತು ಸುತ್ತಿಕೊಂಡಿತ್ತು, "ಬಾ ಮಾರಾಯ" ಅಂತ ಬಾಯಿಗೆ ಬಂದಿತ್ತು. ಆಗ ಏರಿನ ಬುಡದ ಚರಂಡಿ ನೆನಪಾಯ್ತು. ಅಲ್ಲಿ ನಿಂತದ್ದು, ನಾನು ಎಳೆದದ್ದು, ಡಾಕ್ಟ್ರು ಕೇಳಿದಾಗ ಇಲ್ಲ ಅಂದದ್ದು. ಇವನು ಬೇಡ ಅನ್ನುವವನೇ ಅಲ್ಲ ಅಂತ ಇಷ್ಟು ವರ್ಷ ಎಲ್ಲರ ಹತ್ರ ಹೇಳ್ತಾ ಬಂದಿದ್ದೆನಲ್ಲ, ಆವತ್ತು ಚರಂಡಿ ಹತ್ರ ಅವನು ಹೇಳಿದ್ದು ಮತ್ತೆ ಎಂತ?

ಬೆಲ್ಟ್ ಸಡಿಲ ಬಿಟ್ಟೆ. ತಿರುಗಿ ಮನೆ ಕಡೆ ನಡೆದ, ನನಗಿಂತ ಮುಂದೆ.

ನೀರಲ್ಲಿ ಎಂತ ಇತ್ತು ಅಂತ ಇವತ್ತಿಗೂ ಗೊತ್ತಿಲ್ಲ. ನಾನು 1912ಕ್ಕೆ ಫೋನ್ ಮಾಡಿ ಕಂಬದ ಹತ್ರ ನೀರು ನಿಂತಿದೆ, ಒಂದ್ಸಲ ನೋಡಿ ಅಂತ ಹೇಳಿದೆ, ಮರುದಿನ ಲೈನ್‌ಮ್ಯಾನ್ ಬಂದು ನೋಡಿ ತೊಂದರೆ ಏನೂ ಕಾಣುದಿಲ್ಲ ಅಂದ್ರು. ಚೇಂಬರಿನ ಮುಚ್ಚಳ ಸರಿದಿತ್ತಾ ಅಂತ ನೀರು ಇಳಿದ ಮೇಲೆ ನೋಡಿದೆ, ಮುಚ್ಚಿಯೇ ಇತ್ತು. ಹಾವೋ, ಸತ್ತ ಇಲಿಯೋ, ಅಥವಾ ಸುಮ್ಮನೆ ಆವತ್ತು ಅವನಿಗೆ ಮನಸ್ಸಿರ್ಲಿಲ್ವೋ. ಕರೆಂಟ್ ಇರ್ಬೇಕು, ನಾಯಿಗೆ ಗೊತ್ತಾಗ್ತದೆ, ನಿನ್ನ ಜೀವ ಉಳಿಸಿದ ಅಂತ ಅಪಾರ್ಟ್‌ಮೆಂಟಿನವರು ಕಥೆ ಕಟ್ಟಿ ಆಗಿದೆ, ಅವರಿಗೆ ಅದೇ ಇಷ್ಟ. ಓಣಿಯಲ್ಲಿ ಕರೆಂಟೇ ಇರ್ಲಿಲ್ಲ ಅಂತ ನಾನು ಹೇಳಿದ್ರೆ ಬೇಜಾರಾಗ್ತಾರೆ.

ಉಣುಗು, ಗರ್ನಾಲು

ಮಳೆ ಹಿಂದೆ ಸರಿದು ಸೆಪ್ಟೆಂಬರ್ ಕೊನೆಗೆ ಮತ್ತೆ ಬಿಸಿಲು ಬಂದಾಗ ಉಣುಗಿನ ಕಾಟ. ಇದರ ಬಗ್ಗೆ ಎಲ್ಲರೂ ಬರೀತಾರೆ, ನಾನು ಚಿಕ್ಕದಾಗಿ ಹೇಳಿ ಬಿಡ್ತೇನೆ: ತಿಂಗಳ ಮಾತ್ರೆಯೋ ಡ್ರಾಪ್ಸೋ ತಪ್ಪಿಸ್ಬಾರದು, ವಾಕಿಂಗ್ ಮುಗಿಸಿ ಕಿವಿಯ ಮಡಿಕೆ, ಬೆರಳ ಸಂದಿ ನೋಡ್ಬೇಕು, ಸಿಕ್ಕಿದ್ದನ್ನು ಚರ್ಮಕ್ಕೆ ತಾಗಿದ ಹಾಗೆ ಚಿಮಟದಲ್ಲಿ ಹಿಡಿದು ನೇರ ಎಳೀಬೇಕು, ಸೀಮೆಎಣ್ಣೆ ಸುಡುಬೆಂಕಿ ಎಲ್ಲ ಬೇಡ. ಊಟ ಬಿಟ್ಟು ಮಂಕಾಗಿ ಜ್ವರ ಬಂದ್ರೆ, ಮೂಗಲ್ಲಿ ರಕ್ತ ಕಂಡ್ರಂತೂ, ಪ್ಲೇಟ್ಲೆಟ್ ಟೆಸ್ಟಿಗೆ ಓಡ್ಬೇಕು. ಪಕ್ಕದ ಮನೆಯ ಆಂಟಿ ಇವನ ಕಿವಿಯ ಉಣುಗು ನೋಡಿ "ಮಂಗನ ಕಾಯಿಲೆ ಬರ್ತದಾ?" ಅಂತ ಒಂದು ವಾರ ಗೇಟಿನೊಳಗೆ ಬರ್ಲಿಲ್ಲ. ಅದು 1957ರಲ್ಲಿ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕಿದ ವೈರಸ್, ಹರಡುದು ಕಾಡಿನ ಉಣುಗು, ಇದು ನಾಯಿಗೂಡಿನ ಗೋಡೆ ಸಂದಿಯಲ್ಲಿ ಮೊಟ್ಟೆ ಇಡುವ ಬೇರೆ ಜಾತಿ ಅಂತ ವಿವರಿಸಿದ ಮೇಲೂ ಪೂರ್ತಿ ನಂಬಿದ ಹಾಗೆ ಕಾಣ್ಲಿಲ್ಲ.

ದೀಪಾವಳಿಯಿಂದ ಪತ್ತನಾಜೆವರೆಗೆ, ಅಂದ್ರೆ ಮೇ ಕೊನೆಗೆ ಕೋಲ ಜಾತ್ರೆ ಎಲ್ಲ ನಿಲ್ಲುವ ದಿನದವರೆಗೆ, ಇನ್ನೊಂದು ಲೆಕ್ಕ. ಉಳಿದ ಊರಿನ ನಾಯಿಗಳಿಗೆ ಪಟಾಕಿ ಮೂರು ದಿನ, ನಮ್ಮವಕ್ಕೆ ಆರೂವರೆ ತಿಂಗಳು. ಕೋಲ, ನೇಮ, ಜಾತ್ರೆ, ಎಲ್ಲಿ ಯಾವಾಗ ಗರ್ನಾಲು ಢಂ ಅಂತದೆ ಗೊತ್ತಿಲ್ಲ. ಬೆಲ್ಟ್ ಕಿತ್ಕೊಂಡು ಓಡಿದ ನಾಯಿ ಹೈವೇಯಲ್ಲಿ ಸಿಕ್ಕಿದ ಕಥೆಗಳು ಪ್ರತಿ ವರ್ಷ. ನಾನು ಕುತ್ತಿಗೆಗೆ ಒಂದು, ಎದೆಗೆ ಒಂದು ಬೆಲ್ಟ್ ಹಾಕಿ ಎರಡನ್ನೂ ಹಿಡಿದು ನಡೆಯುದು. ಊರಿನ ಕೋಲದ ಕಾಗದ ಬಂದ ಕೂಡಲೇ ದೈವದ ಭಂಡಾರ (ಆಭರಣ, ಆಯುಧ) ಎಷ್ಟು ಗಂಟೆಗೆ ಇಳೀತದೆ ಅಂತ ನೋಡುವ ನಾಯಿಯವ ನಾನೊಬ್ಬನೇ ಇರ್ಬೇಕು. ಇದರ ನಡುವೆ ಡಿಸೆಂಬರ್ ಜನವರಿಯ ಬೆಳಗುಗಳು ಉಂಟಲ್ಲ, ಗುಡ್ಡೆ ಕಡೆಯಿಂದ ಒಣ ಗಾಳಿ ಬೀಸಿ ಇಪ್ಪತ್ತೆರಡಕ್ಕೆ ಇಳಿದಾಗ, ಆಗ ಮಾತ್ರ ತಣ್ಣೀರುಬಾವಿ ಬೀಚಿನ ಮರಳಲ್ಲಿ ಅವನು ನ್ಯೂಫೌಂಡ್‌ಲ್ಯಾಂಡಿನವನ ಹಾಗೆ ಓಡುದು. ಅದಕ್ಕೆ ಟಿಪ್ಸ್ ಎಂತ ಬೇಡ.

ಈಗ ಅವನಿಗೆ ವಯಸ್ಸಾಯ್ತು, ಮೂತಿ ಬೆಳ್ಳಗಾಗಿದೆ. ಈ ನಡುವೆ ಗೇಟು ತೆಗೆದ ಮೇಲೆ ಹೊಸ್ತಿಲಲ್ಲಿ ಒಂದು ಸಲ ನಿಲ್ತಾನೆ, ಮೂಗು ಮೇಲೆ ಮಾಡಿ ಎಡಕ್ಕೆ ಬಲಕ್ಕೆ ನೋಡ್ತಾನೆ. ನಾನೂ ನಿಲ್ತೇನೆ, ಬೆಲ್ಟ್ ಸಡಿಲ ಬಿಟ್ಟು. ಕೆಲವು ಸಲ ಒಂದು ನಿಮಿಷ, ಕೆಲವು ಸಲ ಐದು. ನಿನ್ನೆಯೂ ಹಾಗೇ ಇಬ್ಬರೂ ರಸ್ತೆ ನೋಡ್ತಾ ನಿಂತಿದ್ವಿ, ಒಳಗಿಂದ ಅಮ್ಮನ ಕೂಗು: "ಹೋಗುದಾ ಬರುದಾ ನೀವು? ಗೇಟು ಹಾಕಿ, ಸೊಳ್ಳೆ ಬರ್ತದೆ."